ಅಪ್‌ಡೇಟ್: ಬಯೋಫ್ಲಾಕ್ ವಿಷಯವೇ ಅಂತಿಮವಾಯ್ತು

ಸುಸ್ಥಿರ ಮೀನು ಸಾಕಣೆಯ ಎಂ.ಎಸ್ಸಿ. ಪ್ರಬಂಧಕ್ಕೆ ಅಕ್ವಾಪೋನಿಕ್ಸ್ (ಮೀನು ಸಾಕಿದ ನೀರಿನಲ್ಲೇ ಮಣ್ಣಿಲ್ಲದೆ ಗಿಡ ಬೆಳೆಸುವುದು) ತಗೊಳ್ಳಲೋ, ಬಯೋಫ್ಲಾಕೋ (ಮೀನಿನ ತೊಟ್ಟಿಯಲ್ಲೇ ಬ್ಯಾಕ್ಟೀರಿಯಾಗಳ ಗುಚ್ಛಗಳನ್ನು ಬೆಳೆಸುವುದು) ಎಂದು ಕೇಳಿದ್ದೆ. ಬಯೋಫ್ಲಾಕ್ ಆಯ್ತು, ಮೀನು ತಿಲಾಪಿಯಾ. ಉತ್ತರಿಸಿದವರಿಗೆಲ್ಲ ತುಂಬಾ ಧನ್ಯವಾದ.

ಮೇವಿನ ಸಾರಜನಕದಲ್ಲಿ ಸುಮಾರು ಕಾಲುಭಾಗವಷ್ಟೇ ಮೀನಿನ ಮೈಗೆ ಹತ್ತುವುದು. ಉಳಿದದ್ದರಲ್ಲಿ ಬಹುಪಾಲು ಅಮೋನಿಯಾ ಆಗಿ ನೀರಿಗೇ ಸೇರುತ್ತದೆ. ಕಾಕಂಬಿ ಹಾಕಿ ಇಂಗಾಲ-ಸಾರಜನಕದ ಅನುಪಾತವನ್ನು 15:1ರ ಆಸುಪಾಸು ಇಟ್ಟರೆ, ಬ್ಯಾಕ್ಟೀರಿಯಾಗಳು ಆ ಅಮೋನಿಯಾವನ್ನೇ ಬಳಸಿಕೊಂಡು ಬೆಳೆದು ಮೀನಿಗೆ ಆಹಾರವಾಗುತ್ತವೆ. ಹಾಗಾದರೆ ಮೇವಿನಲ್ಲಿ ಮೀನುಹಿಟ್ಟನ್ನು ಎಷ್ಟು ಇಳಿಸಬಹುದು? ನನ್ನ ಪ್ರಶ್ನೆ ಅದೇ. ತಳಕ್ಕಿಳಿದದ್ದನ್ನು ಅಳೆಯುವ ಶಂಕುವಿನಾಕಾರದ ಪಾತ್ರೆಯಾದ ಇಮ್‌ಹಾಫ್ ಕೋನ್‌ನಲ್ಲಿ ಕಂದು ಫ್ಲಾಕ್ (ಆ ಬ್ಯಾಕ್ಟೀರಿಯಾಗಳ ಗುಚ್ಛ) ಮೆಲ್ಲಗೆ ತಳಕ್ಕಿಳಿಯುವುದನ್ನು ನೋಡುವುದೇ ಒಂದು ಖುಷಿ!

ಗಾಳಿಯ ಪಂಪ್ ಹಗಲಿರುಳೂ ಓಡಬೇಕು, ಆ ವಿದ್ಯುತ್ತನ್ನು ಲೆಕ್ಕಕ್ಕೆ ಹಿಡಿಯದೆ ಸುಸ್ಥಿರ ಎನ್ನಬೇಡಿ ಎಂದು ಒಬ್ಬರು ಹೇಳಿದ್ದರು. ಬಹಳ ಸರಿಯಾದ ಮಾತು. ಪ್ರತಿ ಕಿಲೋ ಮೀನಿಗೆ ತಗಲುವ ಯೂನಿಟ್ಟನ್ನೂ ಈಗ ದಾಖಲಿಸುತ್ತಿದ್ದೇನೆ.