ಎಸ್‌ಪಿಎಲ್‌ಗೆ ಎಸ್‌ಪಿಐ ಫ್ಲ್ಯಾಶ್ ಕಾಣುತ್ತಿಲ್ಲ, ಯು-ಬೂಟ್‌ಗೆ ಕಾಣುತ್ತದೆ. ಡಿವೈಸ್ ಟ್ರೀಯಲ್ಲಿ ಏನು ಬಿಟ್ಟುಹೋಗಿದೆ?

ಮರಿಬೋರ್ಡ್ ಕೇಳಿದ್ದು:

ನಮಸ್ಕಾರ. ಆರ್‌ಕೆ3399 ಚಿಪ್ ಹಾಕಿ ನಾವೇ ಮಾಡಿಸಿದ ಬೋರ್ಡ್ ಇದು. ಪವರ್ ಕೊಟ್ಟರೆ ಮೊದಲು ಟಿಪಿಎಲ್, ಆಮೇಲೆ ಎಸ್‌ಪಿಎಲ್ ಅನ್ನುವ ಪುಟ್ಟ ಲೋಡರ್‌ಗಳು, ಕೊನೆಗೆ ಪೂರ್ತಿ ಬೂಟ್‌ಲೋಡರ್ ಆದ ಯು-ಬೂಟ್ ಓಡುತ್ತವೆ. ಬೋರ್ಡ್ ಮೇಲೆ ಏನೇನಿದೆ ಅಂತ ಅವಕ್ಕೆ ಹೇಳುವುದು ಡಿವೈಸ್ ಟ್ರೀ. ಒಂದು ರೆಫರೆನ್ಸ್ ಬೋರ್ಡ್‌ನ ಡಿಟಿಎಸ್ (ಡಿವೈಸ್ ಟ್ರೀಯ ಮೂಲ) ಫೈಲನ್ನೂ, ಯು-ಬೂಟ್‌ಗೆ ಮಾತ್ರ ಬೇಕಾದ್ದನ್ನು ಸೇರಿಸಲು ಅದರ ಜೊತೆಗಿದ್ದ '-ಯು-ಬೂಟ್.ಡಿಟಿಎಸ್ಐ' ಫೈಲನ್ನೂ ಕಾಪಿ ಮಾಡಿಕೊಂಡು ಶುರು ಮಾಡಿದೆವು. ಎಸ್‌ಡಿ ಕಾರ್ಡ್‌ನಿಂದ ಸಲೀಸಾಗಿ ಬೂಟ್ ಆಗುತ್ತದೆ.

ರೆಫರೆನ್ಸ್ ಬೋರ್ಡ್‌ನಲ್ಲಿ ಇಲ್ಲದ ಒಂದು ಭಾಗ ನಮ್ಮದರಲ್ಲಿದೆ: ಎಸ್‌ಪಿಐ1 ಅನ್ನುವ ಸೀರಿಯಲ್ ಬಸ್ ಮೇಲೆ ವಿನ್‌ಬಾಂಡ್‌ನ 16 ಎಂಬಿ ನಾರ್ ಫ್ಲ್ಯಾಶ್. ಕಾರ್ಡ್ ಇಲ್ಲದೆ ಅದರಿಂದಲೇ ಬೂಟ್ ಆಗಬೇಕು. ಡಿಟಿಎಸ್‌ನಲ್ಲಿ ಎಸ್‌ಪಿಐ1 ನೋಡ್‌ಗೆ ಸ್ಟೇಟಸ್ 'ಓಕೆ' ಕೊಟ್ಟಿದ್ದೇನೆ. ಒಳಗೆ 'ನಾರ್@0' ಅಂತ ಒಂದು ನೋಡ್ ಇದೆ. ಅದಕ್ಕೆ ಕಂಪ್ಯಾಟಿಬಲ್ (ಯಾವ ಡ್ರೈವರ್ ಬೇಕು ಅಂತ ಹೇಳುವ ಹೆಸರು) 'ಜೆಡೆಕ್,ಎಸ್‌ಪಿಐ-ನಾರ್', ರೆಗ್ 0, ಗರಿಷ್ಠ ಫ್ರೀಕ್ವೆನ್ಸಿ 10 ಮೆಗಾಹರ್ಟ್ಸ್. ಬೂಟ್ ಆರ್ಡರ್‌ನಲ್ಲಿ 'ಸೇಮ್-ಆ್ಯಸ್-ಎಸ್‌ಪಿಎಲ್' ಮೊದಲು ಇದೆ.

ಎಸ್‌ಡಿಯಿಂದ ಬೂಟ್ ಮಾಡಿ ಯು-ಬೂಟ್ ಪ್ರಾಂಪ್ಟ್‌ನಲ್ಲಿ 'ಎಸ್‌ಎಫ್ ಪ್ರೋಬ್' ಕೊಟ್ಟರೆ ಫ್ಲ್ಯಾಶ್ ಹೆಸರು, ಸೈಜ್ ಎಲ್ಲ ಸರಿಯಾಗಿ ಬರುತ್ತದೆ. ಬರೆಯುವುದು, ಓದುವುದು ಎರಡೂ ಆಗುತ್ತದೆ. ಆದರೆ ಎಸ್‌ಪಿಐ ಇಮೇಜನ್ನು ಬರೆದು, ಕಾರ್ಡ್ ತೆಗೆದು ಪವರ್ ಕೊಟ್ಟರೆ ಟಿಪಿಎಲ್ ಬರುತ್ತದೆ, ಎಸ್‌ಪಿಎಲ್ ಬರುತ್ತದೆ, ನೇರವಾಗಿ ಎಂಎಂಸಿ (ಎಸ್‌ಡಿ ಕಾರ್ಡ್, ಇಎಂಎಂಸಿ) ಹುಡುಕುತ್ತದೆ, ಯಾವುದೂ ಸಿಗಲಿಲ್ಲ ಅಂತ ನಿಂತುಬಿಡುತ್ತದೆ. ಎಸ್‌ಪಿಐ ಅನ್ನುವ ಮಾತೇ ಲಾಗ್‌ನಲ್ಲಿ ಇಲ್ಲ! ಒಂದೇ ಡಿಟಿಎಸ್, ಒಂದೇ ಬಿಲ್ಡ್. ಒಬ್ಬರಿಗೆ ಕಾಣುವುದು ಇನ್ನೊಬ್ಬರಿಗೆ ಯಾಕೆ ಕಾಣುವುದಿಲ್ಲ?

ಸೀರಿಯಲ್‌ಪೋರ್ಟ್ ಉತ್ತರ:

ಲಾಗ್‌ನಲ್ಲಿ ಎಸ್‌ಪಿಐ ಹೆಸರೇ ಇಲ್ಲ ಅಂದಿರಲ್ಲ, ಅದು ಒಳ್ಳೆಯ ಸುಳಿವು. ವೈರಿಂಗ್ ಅಥವಾ ಫ್ರೀಕ್ವೆನ್ಸಿ ತೊಂದರೆ ಆಗಿದ್ದರೆ ಎಸ್‌ಪಿಎಲ್ ಪ್ರಯತ್ನ ಮಾಡಿ ಸೋಲುತ್ತಿತ್ತು. ಇಲ್ಲಿ ಪ್ರಯತ್ನವೇ ಆಗಿಲ್ಲ. ಇನ್ನೊಂದು ವಿಷಯ: ಟಿಪಿಎಲ್, ಎಸ್‌ಪಿಎಲ್ ಎರಡೂ ಓಡಿವೆ ಅಂದರೆ ಚಿಪ್‌ನ ಬೂಟ್‌ರಾಮ್ (ಚಿಪ್ ಒಳಗೇ ಇದ್ದು ಎಲ್ಲಕ್ಕಿಂತ ಮೊದಲು ಓಡುವ ಕೋಡ್) ಅವನ್ನು ಅದೇ ಫ್ಲ್ಯಾಶ್‌ನಿಂದ ಓದಿದೆ. ಆರ್‌ಕೆ3399 ಬೂಟ್‌ರಾಮ್ ಇಎಂಎಂಸಿ, ಎಸ್‌ಡಿಗಿಂತ ಮೊದಲು ಎಸ್‌ಪಿಐ ನೋಡುತ್ತದೆ. ಅದಕ್ಕೆ ಡಿವೈಸ್ ಟ್ರೀ ಬೇಕಿಲ್ಲ. ಹಾಗಾಗಿ ಸೋಲ್ಡರಿಂಗ್ ಮೇಲೆ ಅನುಮಾನ ಬೇಡ, ಸುಮ್ನೆ ಬೋರ್ಡ್ ಬಿಸಿ ಮಾಡಬೇಡಿ.

'ಒಂದೇ ಡಿಟಿಎಸ್' ಅನ್ನುವುದು ಅರ್ಧ ಮಾತ್ರ ನಿಜ. ಬಿಲ್ಡ್ ಆಗುವಾಗ ಎರಡಕ್ಕಿಂತ ಜಾಸ್ತಿ ಡಿಟಿಬಿ (ಡಿಟಿಎಸ್‌ನ ಕಂಪೈಲ್ ಆದ ರೂಪ) ಹುಟ್ಟುತ್ತವೆ. ಯು-ಬೂಟ್‌ಗೆ ಪೂರ್ತಿ ಮರ. ಎಸ್‌ಪಿಎಲ್‌ಗೆ, ಟಿಪಿಎಲ್‌ಗೆ ಸವರಿದ ಮರ. ಸವರುವ ಕೆಲಸ 'ಎಫ್‌ಡಿಟಿಗ್ರೆಪ್' ಅನ್ನುವ ಟೂಲ್‌ದು. ಅದು 'ಬೂಟ್‌ಪಿಎಚ್' (ಅಂದರೆ ಬೂಟ್ ಹಂತ) ಗುರುತು ಇರುವ ನೋಡ್‌ಗಳನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಬಿಸಾಕುತ್ತದೆ. ಟಿಪಿಎಲ್ ಓಡುವುದು ಚಿಪ್ ಒಳಗಿನ 192 ಕೆಬಿ ಎಸ್‌ರ‍್ಯಾಮ್‌ನಲ್ಲಿ. ಅಲ್ಲಿ ಎಚ್‌ಡಿಎಂಐ, ಆಡಿಯೋ, ಫ್ಯಾನ್ ಎಲ್ಲದರ ವಿವರ ಹೊತ್ತುಕೊಂಡು ಹೋಗಲು ಆಗುವುದಿಲ್ಲ ಅಲ್ವಾ?

ನಂಬಬೇಡಿ, ಕಣ್ಣಾರೆ ನೋಡಿ. ಬಿಲ್ಡ್ ಆದ ಮೇಲೆ 'ಎಸ್‌ಪಿಎಲ್' ಫೋಲ್ಡರ್‌ನಲ್ಲಿ ಒಂದು ಡಿಟಿಬಿ ಇರುತ್ತದೆ. 'ಡಿಟಿಸಿ' (ಡಿವೈಸ್ ಟ್ರೀ ಕಂಪೈಲರ್) ಟೂಲ್‌ನಿಂದ ಅದನ್ನು ಮತ್ತೆ ಡಿಟಿಎಸ್ ಮಾಡಿ ಓದಿ. ನನ್ನ ಊಹೆ: ಎಸ್‌ಪಿಐ1 ಕಂಟ್ರೋಲರ್ ಇರುತ್ತದೆ, ಯಾಕೆಂದರೆ ಆರ್‌ಕೆ3399ರ ಸಾಮಾನ್ಯ ಯು-ಬೂಟ್ ಫೈಲ್ ಅದಕ್ಕೆ ಗುರುತು ಹಾಕಿರುತ್ತದೆ. ಒಳಗಿನ ಫ್ಲ್ಯಾಶ್ ನೋಡ್ ಇರುವುದಿಲ್ಲ. ಅದು ನಿಮ್ಮ ಬೋರ್ಡ್‌ನದು, ಅದಕ್ಕೆ ಗುರುತು ಹಾಕಬೇಕಾದವರು ನೀವೇ.

ಗುರುತುಗಳು ಹೀಗೆ: ಟಿಪಿಎಲ್‌ಗೆ 'ಬೂಟ್‌ಪಿಎಚ್-ಪ್ರಿ-ಎಸ್‌ರ‍್ಯಾಮ್', ಎಸ್‌ಪಿಎಲ್‌ಗೆ 'ಬೂಟ್‌ಪಿಎಚ್-ಪ್ರಿ-ರ‍್ಯಾಮ್', ರೀಲೊಕೇಶನ್‌ಗೆ (ಯು-ಬೂಟ್ ತನ್ನನ್ನೇ ರ‍್ಯಾಮ್‌ನ ಬೇರೆ ಜಾಗಕ್ಕೆ ಸರಿಸಿಕೊಳ್ಳುವುದಕ್ಕೆ) ಮುಂಚಿನ ಯು-ಬೂಟ್‌ಗೆ 'ಬೂಟ್‌ಪಿಎಚ್-ಸಮ್-ರ‍್ಯಾಮ್', ಎಲ್ಲಕ್ಕೂ 'ಬೂಟ್‌ಪಿಎಚ್-ಆಲ್'. ಹೆಸರನ್ನು ಅಕ್ಷರಶಃ ತೆಗೆದುಕೊಳ್ಳಬೇಡಿ. ಈ ಚಿಪ್‌ನಲ್ಲಿ ಡಿರ‍್ಯಾಮ್ ಎಬ್ಬಿಸುವುದು ಟಿಪಿಎಲ್, ಎಸ್‌ಪಿಎಲ್ ಬರುವಾಗ ರ‍್ಯಾಮ್ ಆಗಲೇ ತಯಾರಿರುತ್ತದೆ. ಆದರೂ ಎಸ್‌ಪಿಎಲ್‌ದು 'ಪ್ರಿ-ರ‍್ಯಾಮ್'! ಹಳೆಯ ಬ್ಲಾಗ್‌ಗಳಲ್ಲಿ 'ಯು-ಬೂಟ್,ಡಿಎಂ-ಎಸ್‌ಪಿಎಲ್' ಅಂತ ಸಿಗುತ್ತದೆ. ಅದು 2023ಕ್ಕೆ ಮುಂಚಿನ ಹೆಸರು, ಈಗ ಹಾಕಬೇಡಿ.

ಎರಡನೆಯದು, ನೋಡ್‌ನ ಹೆಸರು. 'ಸೇಮ್-ಆ್ಯಸ್-ಎಸ್‌ಪಿಎಲ್' ಅಂದರೆ ಬೂಟ್‌ರಾಮ್ ಯಾವುದರಿಂದ ಓದಿತೋ ಅದರಿಂದಲೇ ಮುಂದುವರಿ ಅಂತ. ಆ ಡಿವೈಸ್‌ನ ಪೂರ್ತಿ ಪಾತ್ ಯು-ಬೂಟ್‌ನ ಆರ್‌ಕೆ3399 ಕೋಡ್‌ನಲ್ಲಿ ಬರೆದಿಟ್ಟಿದೆ, ಅದು ಕೊನೆಯಾಗುವುದು 'ಫ್ಲ್ಯಾಶ್@0' ಅಂತ. ನಿಮ್ಮದು 'ನಾರ್@0'. ಗುರುತು ಹಾಕಿದರೂ ಪಾತ್ ಸಿಗುವುದಿಲ್ಲ, ಎಸ್‌ಪಿಎಲ್ ಅದನ್ನು ಸದ್ದಿಲ್ಲದೆ ದಾಟಿ ಮುಂದಿನದಕ್ಕೆ ಹೋಗುತ್ತದೆ. ನೋಡ್ ಹೆಸರಿನ ಮೇಲೆ ಕೋಡ್ ನಿಲ್ಲಬಾರದು, ಕಂಪ್ಯಾಟಿಬಲ್ ಮೇಲೆ ನಿಲ್ಲಬೇಕು ಅನ್ನುವುದು ನನ್ನ ಹಳೆಯ ಜಗಳ. ಆದರೆ ಇಲ್ಲಿ ಇರುವುದು ಹೀಗೆ.

ಹಳೇಪವರ್‌ಪಿಸಿ ಉತ್ತರ:

ಮೇಲಿನದು ಸರಿ. ಒಂದು ಸೇರಿಸುತ್ತೇನೆ, ಖಾಲಿ ಫೈಲ್‌ನಿಂದ ಶುರು ಮಾಡುವವರಿಗೆ. ಬಿಲ್ಡ್ ಸಿಸ್ಟಮ್ ಮೊದಲು ಬೋರ್ಡ್ ಹೆಸರಿನ '-ಯು-ಬೂಟ್.ಡಿಟಿಎಸ್ಐ' ಹುಡುಕುತ್ತದೆ, ಇಲ್ಲದಿದ್ದರೆ ಚಿಪ್ ಹೆಸರಿನದು. ಮೊದಲು ಸಿಕ್ಕಿದ ಒಂದನ್ನು ಮಾತ್ರ ಸೇರಿಸುತ್ತದೆ. ನೀವು ಬೋರ್ಡ್‌ಗೆ ಅಂತ ಹೊಸದು ಬರೆದ ಕೂಡಲೇ ಚಿಪ್‌ನದು ತಾನಾಗಿ ಬರುವುದು ನಿಲ್ಲುತ್ತದೆ. ನಿಮ್ಮ ಫೈಲ್‌ನ ತಲೆಯಲ್ಲೇ ಅದನ್ನು ಇನ್‌ಕ್ಲೂಡ್ ಮಾಡಲೇಬೇಕು. ಮರಿಬೋರ್ಡ್ ಕಾಪಿ ಮಾಡಿದ್ದರಿಂದ ಅದು ಆಗಲೇ ಇರಬೇಕು.

ಮರಿಬೋರ್ಡ್:

ಎಸ್‌ಪಿಎಲ್ ಡಿಟಿಬಿ ಬಿಚ್ಚಿ ನೋಡಿದೆ. ಎಸ್‌ಪಿಐ1 ಇತ್ತು, ಒಳಗೆ ಖಾಲಿ. ಹೆಸರು 'ಫ್ಲ್ಯಾಶ್@0' ಮಾಡಿ, 'ಪ್ರಿ-ರ‍್ಯಾಮ್', 'ಸಮ್-ರ‍್ಯಾಮ್' ಎರಡೂ ಹಾಕಿದೆ. ಕಾರ್ಡ್ ಇಲ್ಲದೆ ಪ್ರಾಂಪ್ಟ್ ಬಂತು! ಬರೀ ಹೆಸರು ಬದಲಿಸಿ ಗುರುತು ತೆಗೆದೂ ನೋಡಿದೆ, ಮತ್ತೆ ಎಂಎಂಸಿಗೇ ಹೋಯಿತು.

ಈಗ ಒಂದು ಅನುಮಾನ. ಈ ಗುರುತನ್ನು ಮುಖ್ಯ ಡಿಟಿಎಸ್‌ನಲ್ಲೇ ಹಾಕಬಹುದಾ? ಅದೇ ಫೈಲನ್ನು ಲಿನಕ್ಸ್‌ಗೂ ಕೊಡುತ್ತೇವೆ. ಡಿವೈಸ್ ಟ್ರೀ ಹಾರ್ಡ್‌ವೇರ್ ಬಗ್ಗೆ ಮಾತ್ರ ಹೇಳಬೇಕು ಅಂತ ಓದಿದ್ದೆ. 'ಬೂಟ್ ಹಂತ' ಹಾರ್ಡ್‌ವೇರ್ ಅಲ್ಲವಲ್ಲ?

ಹಳೇಪವರ್‌ಪಿಸಿ ಉತ್ತರ:

ಈ ವಾದ ತುಂಬಾ ವರ್ಷ ನಡೆದಿದೆ. ಡಿವೈಸ್ ಟ್ರೀಯ ಬೇರು ಓಪನ್ ಫರ್ಮ್‌ವೇರ್‌ನಲ್ಲಿದೆ, 1994ರ ಐಇಇಇ 1275. ಅಲ್ಲಿ ಮರವನ್ನು ಕಟ್ಟಿ ಓಎಸ್‌ಗೆ ಕೊಡುತ್ತಿದ್ದುದೇ ಫರ್ಮ್‌ವೇರ್. ಈಗ ಬೂಟ್‌ಲೋಡರ್ ತಾನೇ ಆ ಮರವನ್ನು ಓದಿ ಏಳಬೇಕು. ಹಾಗಾಗಿ ಅದಕ್ಕೂ ಏನೋ ಹೇಳಬೇಕಾಗುತ್ತದೆ. ಕೊನೆಗೆ 'ಬೂಟ್‌ಪಿಎಚ್' ಗುರುತುಗಳು ಡಿಟಿ-ಸ್ಕೀಮಾಕ್ಕೇ (ಡಿವೈಸ್ ಟ್ರೀಯಲ್ಲಿ ಏನೇನು ಬರೆಯಬಹುದು ಅನ್ನುವ ಸಾಮಾನ್ಯ ನಿಯಮಗಳಿಗೇ) ಸೇರಿದವು, ಬರೀ ಯು-ಬೂಟ್‌ನ ಸ್ವಂತ ಆಸ್ತಿಯಾಗಿ ಉಳಿಯಲಿಲ್ಲ. ಲಿನಕ್ಸ್ ಮರದಲ್ಲಿ ಟಿಐನ ಕೆ3 ಚಿಪ್‌ಗಳ ಫೈಲ್ ತೆರೆದರೆ 'ಬೂಟ್‌ಪಿಎಚ್-ಆಲ್' ಧಾರಾಳವಾಗಿ ಕಾಣುತ್ತದೆ. ಲಿನಕ್ಸ್ ಅದನ್ನು ಓದುವುದಿಲ್ಲ, ತೊಂದರೆಯೂ ಇಲ್ಲ.

ಸೀರಿಯಲ್‌ಪೋರ್ಟ್ ಉತ್ತರ:

ನಾನು ಗೆರೆ ಎಳೆಯುವುದು ಹೀಗೆ. ಫ್ಲ್ಯಾಶ್ ನೋಡ್, ಅದರ ಕಂಪ್ಯಾಟಿಬಲ್, ಫ್ರೀಕ್ವೆನ್ಸಿ ಎಲ್ಲ ಮುಖ್ಯ ಡಿಟಿಎಸ್‌ನಲ್ಲಿ, ಅದು ಬೋರ್ಡ್ ಮೇಲಿನ ಸತ್ಯ. ಬೂಟ್ ಆರ್ಡರ್ ಯು-ಬೂಟ್ ಫೈಲ್‌ನಲ್ಲಿ, ಅದು ನಿಮ್ಮ ಇಷ್ಟ. ಡಿರ‍್ಯಾಮ್ ಟೈಮಿಂಗ್ ಕೂಡ ಅಲ್ಲೇ: 'ರಾಕ್‌ಚಿಪ್,ಎಸ್‌ಡಿರ‍್ಯಾಮ್-ಪ್ಯಾರಮ್ಸ್' ಅಂತ ಉದ್ದಕ್ಕೆ ಬರೀ ನಂಬರ್ ಇರುತ್ತದಲ್ಲ, ಅದು. ಅದು ಅಪ್ಪಟ ಹಾರ್ಡ್‌ವೇರ್ ವಿವರವೇ. ಆದರೆ ಲಿನಕ್ಸ್ ಏಳುವ ಹೊತ್ತಿಗೆ ರ‍್ಯಾಮ್ ಓಡುತ್ತಿರುತ್ತದೆ, ಅದನ್ನು ಕೇಳುವವರು ಯಾರೂ ಇಲ್ಲ. 'ಬೂಟ್‌ಪಿಎಚ್' ಎರಡು ಕಡೆಯೂ ನಡೆಯುತ್ತದೆ. ನಿಮ್ಮ ಬೋರ್ಡ್ ಮೇನ್‌ಲೈನ್‌ಗೆ (ಅಧಿಕೃತ ಮೂಲ ಕೋಡ್‌ಗೆ) ಹೋಗುವುದಿಲ್ಲ ಅಂದರೆ ಯು-ಬೂಟ್ ಫೈಲ್‌ನಲ್ಲೇ ಇಡಿ. 2024ರಿಂದ ಯು-ಬೂಟ್ ಲಿನಕ್ಸ್‌ನ ಡಿಟಿಎಸ್ ಫೈಲ್‌ಗಳನ್ನೇ ತನ್ನ ಮರದೊಳಗೆ ಇಟ್ಟುಕೊಂಡು ಬಳಸುತ್ತಿದೆ. ಮುಂದೆ ಆ ದಾರಿಗೆ ಬರುವುದಾದರೆ ಮುಖ್ಯ ಡಿಟಿಎಸ್ ಚೊಕ್ಕವಾಗಿದ್ದಷ್ಟೂ ಕೆಲಸ ಕಮ್ಮಿ.

ಹಾಗೇ ಇನ್ನೊಂದು ನೋಡಿಕೊಳ್ಳಿ. ಎಸ್‌ಪಿಎಲ್ ಡಿಟಿಬಿಯಿಂದ ನೋಡ್‌ಗಳು ಮಾತ್ರ ಅಲ್ಲ, ಕೆಲವು ಪ್ರಾಪರ್ಟಿಗಳೂ ಹೋಗುತ್ತವೆ. ಯಾವುವು ಅನ್ನುವುದು 'ಎಸ್‌ಪಿಎಲ್ ರಿಮೂವ್ ಪ್ರಾಪ್ಸ್' ಕಾನ್ಫಿಗ್‌ನಲ್ಲಿದೆ. ಅದರ ಡಿಫಾಲ್ಟ್ ಪಟ್ಟಿಯಲ್ಲಿ ಇಂಟರಪ್ಟ್‌ಗಳಂತೂ ಇದ್ದೇ ಇರುತ್ತವೆ. ಎಸ್‌ಪಿಎಲ್‌ನಲ್ಲಿ ಪಿನ್‌ಕಂಟ್ರೋಲ್ (ಚಿಪ್‌ನ ಯಾವ ಪಿನ್ ಯಾವ ಕೆಲಸಕ್ಕೆ ಅಂತ ಹೊಂದಿಸುವುದು) ಆಫ್ ಮಾಡಿದ್ದರೆ ಡಿಫಾಲ್ಟ್ ಪಟ್ಟಿಯಲ್ಲಿ ಪಿನ್‌ಕಂಟ್ರೋಲ್ ಪ್ರಾಪರ್ಟಿಗಳೂ ಇರುತ್ತವೆ. ಆನ್ ಇದ್ದರೆ ಪಿನ್ ಗ್ರೂಪ್ ನೋಡ್‌ಗಳಿಗೂ ಗುರುತು ಬೇಕು. ಮುಂದೆ ಬೇರೆ ಬಸ್ ಮೇಲೆ ಏನಾದರೂ ಸೇರಿಸಿದಾಗ ಇದೇ ಕಾಟ ಬರುತ್ತದೆ, ಆಗಲೂ ಮೊದಲು ಆ ಡಿಟಿಬಿ ಬಿಚ್ಚಿ ನೋಡಿ.