ಕರ್ನಾಟಕ ಸಂಗೀತ ಕಚೇರಿಗೆ ಹೋಗಬೇಕಂತ ಮಾಡೇನಿ, ತಿಳೀತದೇನ್ರಿ?

ಪ್ರಶ್ನೆ: ರವಿವಾರ ಧಾರವಾಡದಾಗ ಹಿರಿಯ ಗಾಯಕರೊಬ್ರ ಕಚೇರಿ ಐತ್ರಿ, ವಯಸ್ಸು ಎಂಬತ್ತರ ಹತ್ರ. ನಾವು ರೇಡಿಯೋದಾಗ ಮಲ್ಲಿಕಾರ್ಜುನ ಮನ್ಸೂರರು, ಗಂಗೂಬಾಯಿ ಹಾನಗಲ್ ಅವ್ರ ಹಿಂದೂಸ್ತಾನಿ ಹಾಡಿಕಿ ಕೇಳಿ ಬೆಳದವ್ರು, ದಕ್ಷಿಣದ ಪದ್ಧತಿ ಗಂಧಗಾಳಿ ಗೊತ್ತಿಲ್ಲ. ನಿದ್ದಿ ಗಿದ್ದಿ ಬಂದ್ರ ಮರ್ಯಾದಿ ಹೋಗ್ತದ.

ಉತ್ತರ 1: ಸುಮ್ನ ಹೋಗ್ರೀಪಾ. ಅವರ ಮೋಹನ ರಾಗ ಅಂದ್ರ ನಮ್ಮ ಹಿಂದೂಸ್ತಾನಿಯ ಭೂಪ, ಕಲ್ಯಾಣಿ ಹೆಚ್ಚುಕಮ್ಮಿ ಯಮನ್, ಹಿಂದೋಳ ಅಂದ್ರ ಮಾಲಕಂಸ (ನಮ್ಮ ಹಿಂಡೋಲ್ ಬ್ಯಾರೆನ ಮತ್ತ). ಗಮಕ (ಸ್ವರ ತೂಗಾಡ್ಸೋದು) ಭಾಳ ಇರ್ತಾವ, ಸ್ವರ ಒಂದ ಕಡೆ ನಿಂದ್ರಂಗಿಲ್ಲ ಅನಸ್ತದ, ಒಂದರ್ಧ ತಾಸಿನಾಗ ಕಿವಿ ಹೊಂದ್ಕೋತದ.

ಉತ್ತರ 2: ಗಾಯಕರ ಕೈ ನೋಡ್ರಿ. ಆದಿತಾಳ ಇದ್ರ ತೊಡಿ ಮ್ಯಾಲೆ ಒಂದು ಪೆಟ್ಟು, ಮೂರು ಬೆರಳೆಣಿಕಿ, ಆಮ್ಯಾಲೆ ಪೆಟ್ಟು-ಬೀಸು, ಪೆಟ್ಟು-ಬೀಸು, ಒಟ್ಟು 8 ಎಣಿಕಿ. ಮೃದಂಗದ ತನಿ ಆವರ್ತನ (ಹಾಡು ನಿಂತು ಬರೇ ಮೃದಂಗ ನುಡಿಯೋ ಭಾಗ) ಬಂದಾಗ ಚಾ ಕುಡಿಯಾಕ ಮಾತ್ರ ಏಳಬ್ಯಾಡ್ರಿ, ಹೋದಸಲ ಹುಬ್ಬಳ್ಳ್ಯಾಗ ಅರ್ಧ ಮಂದಿ ಎದ್ದು ಹೋದ್ರು, ನನಗ ನಾಚಿಕಿ ಬಂತು.

ಪ್ರಶ್ನೆ ಕೇಳಿದವ್ರು: ಅಯ್ಯ, ಎದ್ದು ಹೋದವ್ರಾಗ ನಮ್ಮ ಕಾಕಾನೂ ಇದ್ದ ಅನಸ್ತದ್ರಿ! ಈ ಸಲ ಅವನ್ನ ನಡುವಿನ ಕುರ್ಚಿಗೆ ಕುಂದರಸ್ತೀನಿ.