ಸಹಾಯ ಬೇಕು: ಎಚ್-4 ಇಎಡಿ ರಸೀದಿಯನ್ನು ಎಚ್‌ಆರ್ ಒಪ್ಪುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಡಲ್ಲಾಸ್‌ನಲ್ಲಿ ಎಚ್-4 ಇಎಡಿ (ಎಚ್-1ಬಿ ವೀಸಾದವರ ಸಂಗಾತಿಗೆ ಅಮೆರಿಕ ಕೊಡುವ ಕೆಲಸದ ಪರ್ಮಿಟ್ ಕಾರ್ಡ್) ಮೇಲೆ ಕೆಲಸ ಮಾಡುತ್ತಿದ್ದೇನೆ. ಬರುವ ಶುಕ್ರವಾರ ಕಾರ್ಡ್ ಅವಧಿ ಮುಗಿಯುತ್ತದೆ. ರಿನ್ಯೂವಲ್‌ಗೆ 2025ರ ಅಕ್ಟೋಬರ್ 14ಕ್ಕೇ ಹಾಕಿದ್ದೆ. ಅರ್ಜಿ ತಲುಪಿದ್ದಕ್ಕೆ ಕೊಡುವ ಐ-797ಸಿ ರಸೀದಿ ಇದೆ, ಅದರಲ್ಲೂ ಕಾರ್ಡಿನಲ್ಲಿರುವ ವರ್ಗದ ಕೋಡ್ ಸಿ26 ಅಂತಲೇ ಇದೆ. ಐ-94 (ಇಲ್ಲಿ ಎಲ್ಲಿಯವರೆಗೆ ಇರಬಹುದು ಎಂಬ ದಾಖಲೆ) ಮುಂದಿನ ವರ್ಷ ಆಗಸ್ಟ್‌ವರೆಗೆ ಇದೆ.

ನಿನ್ನೆ ಎಚ್‌ಆರ್‌ನವರು ಕಾರ್ಡಿನ ತಾರೀಖಿನ ಮೇಲೆ ಪೆನ್ನಿಟ್ಟು, "ರೂಲ್ಸ್ ಬದಲಾಗಿದೆ, ಹೊಸ ಕಾರ್ಡ್ ಇಲ್ಲದಿದ್ದರೆ ಸೋಮವಾರದಿಂದ ಬರಬೇಡಿ" ಅಂದರು. ರಿನ್ಯೂವಲ್‌ಗೆ ಹಾಕಿದವರ ಹಳೇ ಕಾರ್ಡ್ ತಾನಾಗೇ ಮುಂದುವರಿಯುವ 540 ದಿನದ ಆಟೋಮ್ಯಾಟಿಕ್ ಎಕ್ಸ್‌ಟೆನ್ಶನ್ ನಿಂತದ್ದು ಅಕ್ಟೋಬರ್ 30ರಿಂದ ಅರ್ಜಿ ಹಾಕಿದವರಿಗೆ. ಮೊದಲೇ ಹಾಕಿದವರಿಗೆ ಹಳೇ ರೂಲೇ ಅಲ್ವಾ? ಪಾಪ, ಎಚ್‌ಆರ್‌ನವರನ್ನೂ ಸುಮ್ನೆ ಬೈಯುವ ಹಾಗಿಲ್ಲ. ಸರ್ಕಾರದವರು 2025ರ ಜನವರಿಯಲ್ಲಿ 540 ದಿನ ಕಾಯಂ ಮಾಡಿದರು, ಅದೇ ಅಕ್ಟೋಬರ್‌ನಲ್ಲಿ ತೆಗೆದೇ ಬಿಟ್ಟರು.

ಹೀಗೆ ಅಕ್ಟೋಬರ್ 30ಕ್ಕೆ ಮೊದಲು ಹಾಕಿ ಈಗ ಕೆಲಸದಲ್ಲಿ ಮುಂದುವರಿದವರು ಯಾರಾದರೂ ಇದ್ದೀರಾ? ಹಳೇ ಕಾರ್ಡ್, ರಸೀದಿ, ಐ-94 ಮೂರನ್ನೂ ಕೊಟ್ಟರೆ ಸಾಕಾಯಿತಾ? ಐ-9 (ಕೆಲಸ ಮಾಡಲು ಅನುಮತಿ ಇದೆಯೇ ಎಂದು ಕಂಪನಿ ದಾಖಲಿಸುವ ಫಾರ್ಮ್) ರೀವೆರಿಫಿಕೇಶನ್‌ನಲ್ಲಿ ಯಾವ ತಾರೀಖು ಬರೆದರು, 540 ದಿನದ್ದೋ ಐ-94ದ್ದೋ? ಎಚ್‌ಆರ್‌ಗೆ ತೋರಿಸಲು ಯುಎಸ್‌ಸಿಐಎಸ್‌ನ (ಅಮೆರಿಕದ ವಲಸೆ ಇಲಾಖೆಯ) ಲಿಂಕ್ ಇದ್ದರೆ ದಯವಿಟ್ಟು ಹಾಕಿ. ಗುರುವಾರ ಬೆಳಿಗ್ಗೆ ಮತ್ತೆ ಮೀಟಿಂಗ್ ಇದೆ.